ಇಂದಿನ ವ್ರತ, ಮುಂದಿನ ಬದುಕು: ಜೈನ ಶ್ರಾವಕರ ಅಣುವ್ರತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಾತುರ್ಮಾಸದ ಪ್ರವಚನ ಮುಗಿದ ಮೇಲೆ ಬಸದಿಯ ಜಗಲಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಪತ್ರಗಳಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಶ್ರಾವಕ ಎಂದರೆ ಗೃಹಸ್ಥ ಜೈನ. ಮುನಿಗಳು ಪೂರ್ತಿಯಾಗಿ ಪಾಲಿಸುವುದು ಮಹಾವ್ರತ, ಗೃಹಸ್ಥರು ತಮ್ಮ ಮಿತಿಯಲ್ಲಿ ಪಾಲಿಸುವುದು ಅಣುವ್ರತ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಉತ್ತರಗಳು ಕರ್ನಾಟಕದಲ್ಲಿ ರೂಢಿಯಲ್ಲಿರುವ ದಿಗಂಬರ ಪರಂಪರೆಯನ್ನು ಅನುಸರಿಸಿವೆ.

## ಮೊದಲ ಪ್ರಶ್ನೆಗಳು

ದೇವರು ಫಲ ಕೊಡುವುದಿಲ್ಲ ಅಂತೀರಿ. ಹಾಗಾದರೆ ವ್ರತ ಹಿಡಿದರೆ ಭವಿಷ್ಯ ಹೇಗೆ ಬದಲಾಗುತ್ತದೆ?

ಜಿನೇಂದ್ರರು ವರ ಕೊಡುವವರಲ್ಲ, ಶಿಕ್ಷೆ ಕೊಡುವವರೂ ಅಲ್ಲ. ಮನಸ್ಸು, ಮಾತು, ದೇಹ ಚಲಿಸಿದಾಗಲೆಲ್ಲ ಕರ್ಮದ ಪರಮಾಣುಗಳು ಆತ್ಮದ ಕಡೆಗೆ ಹರಿದು ಬರುತ್ತವೆ. ಇದು ಆಸ್ರವ. ಬಂದದ್ದು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬುದನ್ನು ಆ ಹೊತ್ತಿನ ಕ್ರೋಧ, ಮಾನ (ಗರ್ವ), ಮಾಯೆ (ಕಪಟ), ಲೋಭಗಳು ನಿರ್ಧರಿಸುತ್ತವೆ. ಎಣ್ಣೆ ಹಚ್ಚಿದ ಮೈಗೆ ಧೂಳು ಅಂಟಿದ ಹಾಗೆ ಎಂಬುದು ಹಳೆಯ ಹೋಲಿಕೆ.

ಉಮಾಸ್ವಾಮಿಗಳು ಬರೆದ ತತ್ತ್ವಾರ್ಥಸೂತ್ರ ಬಂಧಕ್ಕೆ, ಅಂದರೆ ಕರ್ಮ ಆತ್ಮಕ್ಕೆ ಅಂಟುವುದಕ್ಕೆ, ಐದು ಕಾರಣ ಹೇಳುತ್ತದೆ: ಮಿಥ್ಯಾದರ್ಶನ (ತಪ್ಪು ನಂಬಿಕೆ), ಅವಿರತಿ, ಪ್ರಮಾದ (ಎಚ್ಚರಗೇಡಿತನ), ಕಷಾಯ (ಮೇಲೆ ಹೇಳಿದ ಕ್ರೋಧ ಮೊದಲಾದ ನಾಲ್ಕು), ಯೋಗ (ಮನಸ್ಸು, ಮಾತು, ದೇಹದ ಚಲನೆ). ವ್ರತ ನೇರವಾಗಿ ಕೈ ಹಾಕುವುದು ಎರಡನೆಯದಕ್ಕೆ. ಅವಿರತಿ ಎಂದರೆ ಬಿಡದೆ ಇರುವುದು, ಬಾಗಿಲು ತೆರೆದೇ ಇಟ್ಟಿರುವುದು. ನೀವು ಎಷ್ಟು ಬಾಗಿಲು ಮುಚ್ಚುತ್ತೀರೋ ಅಷ್ಟು ಕಡೆಯಿಂದ ಹರಿವು ನಿಲ್ಲುತ್ತದೆ. ಅದಕ್ಕೆ ಸಂವರ ಎಂದು ಹೆಸರು. ಮುಂದಿನ ಬದುಕು ಬದಲಾಗುವುದು ಈ ಲೆಕ್ಕದಿಂದ. ಯಾರನ್ನಾದರೂ ಮೆಚ್ಚಿಸಿದ್ದರಿಂದ ಅಲ್ಲ.

ನಾನು ಹುಟ್ಟಿದಾಗಿನಿಂದ ಮಾಂಸ ಮುಟ್ಟಿಲ್ಲ, ಹೆಂಡ ಕುಡಿದಿಲ್ಲ. ಮತ್ತೆ ವ್ರತ ಬೇರೆ ಯಾಕೆ?

ಮುಟ್ಟದಿರುವುದು ಬೇರೆ, ಬಿಟ್ಟಿರುವುದು ಬೇರೆ. ನಿಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಆದ್ದರಿಂದ ನೀವು ತಿಂದಿಲ್ಲ. ಇದು ಅಭ್ಯಾಸ. ನಾಳೆ ಊರು ಬದಲಾದರೆ, ವೈದ್ಯರು ಮೊಟ್ಟೆ ತಿನ್ನಿ ಎಂದರೆ, ಗೆಳೆಯರು ಒತ್ತಾಯಿಸಿದರೆ ಏನು ಮಾಡುತ್ತೀರಿ ಎಂಬುದು ತೀರ್ಮಾನವಾಗಿಲ್ಲ. ಆ ತೀರ್ಮಾನವೇ ವ್ರತ.

ಪುರಾಣದ ಖದಿರಸಾರ ಬೇಡರವನು. ಮಾಂಸ ಬಿಡುವುದು ಅವನಿಂದ ಆಗದ ಮಾತು. ಸಮಾಧಿಗುಪ್ತ ಮುನಿಗಳು ಅವನಿಗೆ ಕಾಗೆಯ ಮಾಂಸವೊಂದನ್ನು ಬಿಡಿಸಿದರು. ಮುಂದೆ ಕಾಯಿಲೆ ಬಿದ್ದಾಗ ವೈದ್ಯರು ಹೇಳಿದ ಮದ್ದು ಅದೇ ಕಾಗೆ ಮಾಂಸ. ಅವನು ಒಪ್ಪಲಿಲ್ಲ, ಪ್ರಾಣ ಬಿಟ್ಟ. ಸತ್ತು ದೇವನಾಗಿ, ಆಮೇಲೆ ಮಗಧದ ಶ್ರೇಣಿಕ ರಾಜನಾಗಿ ಹುಟ್ಟಿದ. ಹಾಗೆಯೇ ಯಮಪಾಲ ಗಲ್ಲಿಗೇರಿಸುವ ಕೆಲಸದವನು. ಅವನ ವ್ರತ ಚತುರ್ದಶಿಯ ದಿನ ಕೊಲ್ಲುವುದಿಲ್ಲ ಎಂಬುದಷ್ಟೇ. ಶ್ರಾವಕರ ಆಚಾರದ ಬಗ್ಗೆ ಗ್ರಂಥ ಬರೆದ ಸಮಂತಭದ್ರಾಚಾರ್ಯರು ಅಹಿಂಸಾಣುವ್ರತಕ್ಕೆ ಉದಾಹರಣೆಯಾಗಿ ಹೆಸರಿಸುವುದು ಇವನನ್ನೇ. ಹುಟ್ಟಿನಿಂದ ಶುದ್ಧನಾಗಿದ್ದ ಯಾವ ಶ್ರೇಷ್ಠಿಯನ್ನೂ ಅಲ್ಲ.

ನಮ್ಮಜ್ಜಿ ಅನಂತನ ನೋಂಪಿ ಮಾಡ್ತಿದ್ರು. ನೋಂಪಿಯೂ ಅಣುವ್ರತವೂ ಒಂದೇನಾ?

ಒಂದೇ ಅಲ್ಲ. ನೋಂಪಿಗೆ ತಿಥಿ ಇದೆ, ಪೂಜೆ ಇದೆ, ಕಥೆ ಇದೆ, ವರ್ಷಗಳ ಲೆಕ್ಕ ಇದೆ. ಅನಂತನ ನೋಂಪಿ 14 ವರ್ಷ ಆದ ಮೇಲೆ ಉದ್ಯಾಪನೆ ಮಾಡಿ ಮುಗಿಸುತ್ತಾರೆ. ಅಣುವ್ರತಕ್ಕೆ ಉದ್ಯಾಪನೆ ಇಲ್ಲ. ಅದು ವರ್ಷದ 365 ದಿನವೂ ಅಂಗಡಿ, ಹೊಲ, ಅಡುಗೆಮನೆಯಲ್ಲಿ ನಡೆಯಬೇಕಾದದ್ದು. ಅಜ್ಜಿಯಂಥವರು ಸಾಮಾನ್ಯವಾಗಿ ಎರಡನ್ನೂ ಪಾಲಿಸುತ್ತಿದ್ದರು. ಎರಡನೆಯದು ಕಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ನೋಂಪಿ ಮಾತ್ರ ನಮ್ಮ ನೆನಪಿನಲ್ಲಿ ಉಳಿದಿದೆ.

12 ವ್ರತ ಅಂತಾರೆ. ಒಂದೇ ಸಲ ಎಲ್ಲ ಆಗೋದಿಲ್ಲ. ಎಲ್ಲಿಂದ ಶುರು ಮಾಡಲಿ?

ಮೂಲಗುಣಗಳಿಂದ. ಮದ್ಯ, ಮಾಂಸ, ಜೇನು ಈ ಮೂರನ್ನು, ಜೊತೆಗೆ ಆಲ, ಅರಳಿ, ಅತ್ತಿ ಮೊದಲಾದ ಐದು ಜಾತಿಯ ಹಾಲುಮರದ ಹಣ್ಣುಗಳನ್ನು ಬಿಡುವುದು. ಆ ಹಣ್ಣು ಒಡೆದು ನೋಡಿದರೆ ಹುಳು ಕಾಣುತ್ತದೆ, ಕಾರಣ ಅಷ್ಟೇ. ಅಂಜೂರವೂ ಅದೇ ಜಾತಿಯದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಇದರೊಂದಿಗೆ ಸಪ್ತವ್ಯಸನ ತ್ಯಾಗ: ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯೂ ಜೂಜೇ.

ಆಮೇಲೆ ಐದು ಅಣುವ್ರತ: ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ (ಗೃಹಸ್ಥನಿಗೆ ತನ್ನ ಸಂಗಾತಿಯಲ್ಲಷ್ಟೇ ತೃಪ್ತಿ), ಪರಿಗ್ರಹ ಪರಿಮಾಣ (ಆಸ್ತಿಪಾಸ್ತಿಗೆ ಮಿತಿ). ಇವನ್ನು ಕಾಯಲು ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ. ಇವಿಷ್ಟು ಸೇರಿ 12.

ಯಮ ಮತ್ತು ನಿಯಮ ಎಂಬ ವ್ಯತ್ಯಾಸ ನೆನಪಿಡಿ. ಸಾಯುವ ತನಕ ಹಿಡಿಯುವುದು ಯಮ, ಅವಧಿ ಹಾಕಿ ಹಿಡಿಯುವುದು ನಿಯಮ. ಮದ್ಯ, ಮಾಂಸಕ್ಕೆ ಯಮ ಇರಲಿ. ಉಳಿದದ್ದನ್ನು ಒಂದು ಚಾತುರ್ಮಾಸದ ಮಟ್ಟಿಗೆ ನಿಯಮವಾಗಿ ನಡೆಸಿ ನೋಡಿ. ಪ್ರವಚನ ಕೇಳಿದ ಆವೇಶದಲ್ಲಿ ಹತ್ತು ಆಜೀವ ವ್ರತ ಹಿಡಿದು, ದೀಪಾವಳಿ ಹೊತ್ತಿಗೆ ಎಂಟನ್ನು ಬಿಟ್ಟವರು ಎಲ್ಲ ಊರಲ್ಲೂ ಇದ್ದಾರೆ. ಹಾಗೆ ಬಿಟ್ಟವರು ಉಳಿದ ಎರಡನ್ನೂ ಸಡಿಲ ಮಾಡುತ್ತಾರೆ. ನಿಜವಾದ ನಷ್ಟ ಅದು.

ವ್ರತ ತೆಗೆದುಕೊಳ್ಳುವ ಕ್ರಮ ಹೇಳಿ. ನಮ್ಮ ಊರಿಗೆ ಮುನಿಗಳು ಬರುವುದೇ ಅಪರೂಪ.

ಮೊದಲು ಕಾಗದದ ಮೇಲೆ ಬರೆಯಿರಿ: ಏನನ್ನು ಬಿಡುತ್ತಿದ್ದೇನೆ, ನಾನು ಮಾಡುವುದನ್ನು ಮಾತ್ರವೋ, ಮಾಡಿಸುವುದನ್ನೂ ಮೆಚ್ಚುವುದನ್ನೂ ಸೇರಿಸಿಯೋ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಸಂದರ್ಭಕ್ಕೆ ವಿನಾಯಿತಿ. ವಿನಾಯಿತಿ ಏನಿದ್ದರೂ ವ್ರತ ಹಿಡಿಯುವಾಗಲೇ ಹೇಳಬೇಕು. ಕಷ್ಟ ಬಂದ ಮೇಲೆ ಸೇರಿಸಿದರೆ ಅದು ವಿನಾಯಿತಿ ಅಲ್ಲ, ಭಂಗ.

ಮುನಿಮಹಾರಾಜರು ಅಥವಾ ಆರ್ಯಿಕಾ ಮಾತಾಜಿಯವರು (ಸಾಧ್ವಿಯರು) ಸಿಕ್ಕರೆ ಶ್ರೀಫಲ (ತೆಂಗಿನಕಾಯಿ) ಇಟ್ಟು ಬಿನ್ನವಿಸಿ, ಬರೆದದ್ದನ್ನು ಓದಿ ಹೇಳಿ. ಅವರು ಕೆಲವನ್ನು ಕಡಿಮೆ ಮಾಡಬಹುದು, ಕೇಳಿ. ನಿಮ್ಮ ಶಕ್ತಿಯನ್ನು ನಿಮಗಿಂತ ಚೆನ್ನಾಗಿ ಅಳೆದವರು ಅವರು. ಸಿಗದಿದ್ದರೆ ಬಸದಿಯಲ್ಲಿ ಜಿನಬಿಂಬದ ಮುಂದೆ, ತಿಳಿದ ಹಿರಿಯರೊಬ್ಬರ ಸಾಕ್ಷಿಯಲ್ಲಿ, ಬಾಯಿಬಿಟ್ಟು ಹೇಳಿ, 9 ಸಲ ಣಮೋಕಾರ ಮಂತ್ರ ಜಪಿಸಿ ಕಾಯೋತ್ಸರ್ಗ (ದೇಹದ ಮಮತೆ ಬಿಟ್ಟು ಅಲುಗಾಡದೆ ನಿಲ್ಲುವ ಧ್ಯಾನ) ಮಾಡಿ. ಒಂದು ಣಮೋಕಾರಕ್ಕೆ ಮೂರು ಉಸಿರು, ಒಟ್ಟು 27. ಮುಂದೆ ಮುನಿಗಳು ಸಿಕ್ಕಾಗ ಅವರ ಬಳಿ ಅದನ್ನೇ ಮತ್ತೆ ಹೇಳಿದರಾಯಿತು.

ಮಗನಿಗೆ ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬರಲಿ ಅಂತ ರಾತ್ರಿ ಊಟ ಬಿಡಬಹುದಾ?

ರಾತ್ರಿ ಊಟ ಬಿಡಿ. ರ‍್ಯಾಂಕಿಗಾಗಿ ಬೇಡ. ಮುಂದೆ ಇಂಥದ್ದು ಸಿಗಲಿ ಎಂದು ಗಂಟು ಹಾಕಿ ವ್ರತ ಹಿಡಿಯುವುದಕ್ಕೆ ನಿದಾನ ಎನ್ನುತ್ತಾರೆ. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು, ಅಂದರೆ ಕಾಲಲ್ಲಿ ಮುರಿದು ಉಳಿದ ಮುಳ್ಳು. ‘ನಿಶ್ಶಲ್ಯೋ ವ್ರತೀ’ ಎಂದು ಸೂತ್ರವಿದೆ: ಶಲ್ಯವಿಲ್ಲದವನೇ ವ್ರತಿ. ರ‍್ಯಾಂಕ್ ಬರದಿದ್ದರೆ ನೀವು ವ್ರತವನ್ನೂ ಬಿಡುತ್ತೀರಿ, ಶ್ರದ್ಧೆಯನ್ನೂ ಕಳೆದುಕೊಳ್ಳುತ್ತೀರಿ. ಬಂದರೆ ಮುಂದಿನ ಸಲ ಇನ್ನೊಂದು ಕೇಳುತ್ತೀರಿ. ಎರಡರಲ್ಲೂ ಲೋಭ ಬೆಳೆಯುತ್ತದೆ, ಬಿಡಬೇಕಾದದ್ದು ಅದನ್ನೇ.

## ಅಡುಗೆಮನೆ, ಆರೋಗ್ಯ, ದಿನಚರಿ

ರಾತ್ರಿ ಭೋಜನ ತ್ಯಾಗ ಅಂದ್ರೆ ಸರಿಯಾಗಿ ಎಷ್ಟು ಗಂಟೆಗೆ ಊಟ ಮುಗಿಸಬೇಕು? ಆಫೀಸ್ ಇರುವವರು ಏನು ಮಾಡಬೇಕು?

ಸೂರ್ಯ ಮುಳುಗುವುದಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆ ಮುಗಿಸುವುದು ಉತ್ತಮ. ಬೆಳಗ್ಗೆಯೂ ಉದಯದ 48 ನಿಮಿಷದ ಮೇಲೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಸುಮಾರು 5:50ಕ್ಕೆ, ಜುಲೈಯಲ್ಲಿ ಸುಮಾರು 6:50ಕ್ಕೆ. ಹಾಗಾಗಿ ವರ್ಷವಿಡೀ 5 ಗಂಟೆಗೆ ಎಂದು ಇಟ್ಟುಕೊಂಡರೆ ಪಂಚಾಂಗ ನೋಡುವ ತಲೆನೋವಿಲ್ಲ. ಸಂಜೆ 4:45ಕ್ಕೆ ಡಬ್ಬಿ ಬಿಚ್ಚುವುದು ಆಫೀಸಿನವರು ಕಂಡುಕೊಂಡ ದಾರಿ. ಚಪಾತಿ ಪಲ್ಯ ಆರಿದರೂ ಕೆಡುವುದಿಲ್ಲ, ಅನ್ನ ಸಾರು ಅಷ್ಟು ಒಗ್ಗುವುದಿಲ್ಲ.

ಲಂಡನ್ನಿನಂಥ ಊರಲ್ಲಿ ಡಿಸೆಂಬರಿನಲ್ಲಿ ಸೂರ್ಯ 4 ಗಂಟೆಗೆ ಮುಂಚೆಯೇ ಮುಳುಗುತ್ತಾನೆ, ಜೂನಿನಲ್ಲಿ 9 ದಾಟಿದ ಮೇಲೆ. ಅಲ್ಲಿರುವವರು ಚಳಿಗಾಲದಲ್ಲಿ ಮಧ್ಯಾಹ್ನದ ಊಟವನ್ನೇ ದೊಡ್ಡದು ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಳಕಿದೆ ಎಂದು 9 ಗಂಟೆಗೆ ಉಣ್ಣಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯ, ಅನ್ನ, ತಿಂಡಿ, ನೆಕ್ಕುವಂಥದ್ದು, ಕುಡಿಯುವಂಥದ್ದು ಎಂಬ ನಾಲ್ಕು ಬಗೆಯ ಆಹಾರದಲ್ಲಿ ಏನೇನು ಬಿಡುತ್ತೀರಿ ಎಂದು ಮೊದಲೇ ಹೇಳಿ. ಶುರುವಿನಲ್ಲಿ ಅನ್ನ ಮತ್ತು ತಿಂಡಿ ಬಿಟ್ಟು, ನೀರು ಮತ್ತು ಔಷಧಿಗೆ ವಿನಾಯಿತಿ ಇಡುವುದು ವಾಡಿಕೆ. ಹೆಚ್ಚಿನವರ ವ್ರತ ಮುರಿಯುವುದು ಮದುವೆಯ ಆರತಕ್ಷತೆಯಲ್ಲಿ ಮತ್ತು ರೈಲಿನಲ್ಲಿ. ಆ ಎರಡಕ್ಕೂ ಮೊದಲೇ ಕಟ್ಟಿಕೊಂಡು ಹೋಗುವ ಅಭ್ಯಾಸ ಮಾಡಿ.

ನನಗೆ ಸಕ್ಕರೆ ಕಾಯಿಲೆ. ಸಂಜೆ ಊಟ ಮಾಡಿ ಬೆಳಗಿನವರೆಗೆ ಖಾಲಿ ಇರಬಹುದಾ?

ಸಂಜೆ 5ರಿಂದ ಬೆಳಗ್ಗೆ 7:30 ಎಂದರೆ ಹದಿನಾಲ್ಕೂವರೆ ಗಂಟೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಡುರಾತ್ರಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ರಾತ್ರಿಯ ಪ್ರಮಾಣ ಮೊದಲಿನಂತೆಯೇ ಇಟ್ಟು ಊಟ ಮಾತ್ರ ಬಿಟ್ಟಾಗ ಆಗುವ ಎಡವಟ್ಟು ಇದು. ಮೊದಲು ವೈದ್ಯರಿಗೆ ಊಟದ ಹೊಸ ವೇಳೆ ಹೇಳಿ, ಔಷಧಿಯ ಪ್ರಮಾಣ ಅವರಿಂದಲೇ ಬದಲಿಸಿಕೊಳ್ಳಿ. ನಡುಕ, ಬೆವರು, ಕಣ್ಣು ಮಂಜಾದರೆ ಗ್ಲುಕೋಸ್ ತೆಗೆದುಕೊಳ್ಳುತ್ತೇನೆ ಎಂಬ ವಿನಾಯಿತಿಯನ್ನು ವ್ರತದೊಳಗೇ ಬರೆದಿಡಿ. ಶಕ್ತಿ ಮೀರಿ ಮಾಡಬೇಡಿ ಎಂಬುದೂ ಶಾಸ್ತ್ರದ ಮಾತೇ.

ಮನೆಯಲ್ಲಿ ಆರ್‌ಓ ಇದೆ. ಬಟ್ಟೆಯಲ್ಲಿ ನೀರು ಸೋಸುವುದು ಇನ್ನೂ ಬೇಕಾ?

ಎರಡರ ಉದ್ದೇಶ ಬೇರೆ. ಯಂತ್ರ ಇರುವುದು ನಿಮ್ಮನ್ನು ಕಾಯಲು, ಬಟ್ಟೆ ಇರುವುದು ನೀರಿನಲ್ಲಿರುವ ಜೀವವನ್ನು ಕಾಯಲು. ಅಳತೆ 36 ಅಂಗುಲ ಉದ್ದ, 24 ಅಂಗುಲ ಅಗಲದ ದಪ್ಪ ಹತ್ತಿ ಬಟ್ಟೆ, ಎರಡು ಪದರ. ಪಾತ್ರೆಯ ಬಾಯಿಗಿಂತ ಸಾಕಷ್ಟು ಅಗಲವಿರಬೇಕು, ಇಲ್ಲವಾದರೆ ಅಂಚಿನಿಂದ ಸೋಸದ ನೀರು ಜಾರುತ್ತದೆ. ಸೋಸಿದ ಮೇಲೆ ಬಟ್ಟೆಯ ಮೇಲ್ಭಾಗಕ್ಕೆ ಸೋಸಿದ ನೀರನ್ನೇ ಸುರಿದು, ಅದರಲ್ಲಿ ನಿಂತ ಜೀವಗಳನ್ನು ನೀರು ತಂದ ಜಾಗಕ್ಕೇ ಮೆಲ್ಲಗೆ ಬಿಡಬೇಕು. ಇದನ್ನು ಮರೆತು ಬಟ್ಟೆ ಹಿಂಡಿ ಬಿಸಿಲಿಗೆ ಹಾಕಿದರೆ ಸೋಸಿದ್ದರ ಅರ್ಥವೇ ಹೋಯಿತು.

ಸೋಸಿದ ನೀರಿನ ಅವಧಿ ಒಂದು ಮುಹೂರ್ತ, 48 ನಿಮಿಷ. ಲವಂಗ ಮೊದಲಾದುದನ್ನು ಹಾಕಿ ಬಣ್ಣ, ರುಚಿ ಬದಲಾದರೆ 6 ಗಂಟೆ. ಚೆನ್ನಾಗಿ ಕುದಿಸಿದರೆ 24 ಗಂಟೆ. ಹಿಟ್ಟಿಗೂ ಹೀಗೇ ಮರ್ಯಾದೆ, ಅಂದರೆ ಬಳಸುವ ಅವಧಿಯ ಮಿತಿ, ಇದೆ: ಚಳಿಗಾಲಕ್ಕೆ 7 ದಿನ, ಬೇಸಿಗೆಗೆ 5, ಮಳೆಗಾಲಕ್ಕೆ 3.

ಜೇನು ಬಿಟ್ಟಿದ್ದೇನೆ. ಆಯುರ್ವೇದ ಔಷಧಿಗೆ ಏನು ಮಾಡಲಿ?

ಚೂರ್ಣವನ್ನು ಜೇನಿನಲ್ಲಿ ಕಲಸಿ ಎಂದರೆ ಬೆಲ್ಲದ ಪಾಕ ಅಥವಾ ಬಿಸಿನೀರು ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಬಹಳ ಸಲ ಆಗುತ್ತದೆ. ಹೆಸರಿನ ಕೊನೆಗೆ ಆಸವ ಅಥವಾ ಅರಿಷ್ಟ ಎಂದಿದ್ದರೆ ಅದು ಹುದುಗಿಸಿ ಮಾಡಿದ್ದು, ಮದ್ಯಸಾರ ಅದರಲ್ಲೇ ಹುಟ್ಟಿರುತ್ತದೆ. ಅದರ ಬದಲು ಕಷಾಯ ಕೇಳಿ. ಇಂಗ್ಲಿಷ್ ಔಷಧಿಯ ಕ್ಯಾಪ್ಸೂಲ್ ಕವಚ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು. ಅದೇ ಔಷಧಿ ಮಾತ್ರೆಯಾಗಿ ಸಿಗುತ್ತದೆಯೇ ವಿಚಾರಿಸಿ. ತುರ್ತಿನಲ್ಲಿ ಇದನ್ನೆಲ್ಲ ಹುಡುಕುತ್ತಾ ಕೂರಬೇಡಿ. ಚಿಕಿತ್ಸೆ ಮೊದಲು, ಆಮೇಲೆ ಪ್ರಾಯಶ್ಚಿತ್ತ.

ಮಕ್ಕಳಿಗೆ ಎಷ್ಟನೇ ವಯಸ್ಸಿನಿಂದ ವ್ರತ ಕೊಡಿಸಬಹುದು?

ಎಂಟು ವರ್ಷ ತುಂಬಿದ ಮೇಲೆ ಮನುಷ್ಯನಿಗೆ ಸಂಯಮದ ಯೋಗ್ಯತೆ ಬರುತ್ತದೆ ಎನ್ನುತ್ತದೆ ಆಗಮ. ಅದಕ್ಕೆ ಮುಂಚಿನದು ಸಂಸ್ಕಾರ, ಹೊಣೆ ತಂದೆತಾಯಿಯದು. ಎಂಟಾದ ಮೇಲೂ ಮಗು ತಾನಾಗಿ ಕೇಳಿದ್ದನ್ನು ಕೊಡಿಸಿ, ಒಂದು ತಿಂಗಳ ಅವಧಿಗೆ ಕೊಡಿಸಿ. ಎಲ್ಲರೆದುರು ಎದ್ದು ನಿಲ್ಲಿಸಿ ಚಪ್ಪಾಳೆಯ ನಡುವೆ ಕೊಡಿಸಿದ ಆಜೀವ ವ್ರತವನ್ನು ಹಾಸ್ಟೆಲ್ ಸೇರಿದ ವರ್ಷ ಮಗು ಗುಟ್ಟಾಗಿ ಮುರಿಯುತ್ತದೆ. ಮುರಿದದ್ದಕ್ಕಿಂತ ಮುಚ್ಚಿಡುವುದು ಅದರ ಮನಸ್ಸನ್ನು ಹೆಚ್ಚು ಕೆಡಿಸುತ್ತದೆ.

## ದುಡಿಮೆ, ಹಣ, ಊರು

ನಾವು ರೈತರು. ನೇಗಿಲು ಹೂಡಿದರೆ ಹುಳ ಸಾಯುತ್ತದೆ. ಹಾಗಾದರೆ ನಮಗೆ ಅಹಿಂಸಾವ್ರತವೇ ಇಲ್ಲವೇ?

ಇದೆ, ಧಾರಾಳವಾಗಿ ಇದೆ. ಬೆಳಗಾವಿ ಸೀಮೆಯಲ್ಲಿ ತಲೆಮಾರುಗಳಿಂದ ಹೊಲ ಮಾಡಿಕೊಂಡೇ ವ್ರತ ನಡೆಸಿದ ಮನೆತನಗಳಿವೆ. ಹಿಂಸೆಯಲ್ಲಿ ನಾಲ್ಕು ಬಗೆ: ಕೊಲ್ಲಬೇಕೆಂದೇ ಮಾಡುವ ಸಂಕಲ್ಪಿ, ಅಡುಗೆ ಮನೆಗೆಲಸದಲ್ಲಿ ಆಗುವ ಆರಂಭಿ, ದುಡಿಮೆಯಲ್ಲಿ ಆಗುವ ಉದ್ಯೋಗಿ, ರಕ್ಷಣೆಗಾಗಿ ಮಾಡುವ ವಿರೋಧಿ. ಗೃಹಸ್ಥ ಪೂರ್ತಿ ಬಿಡುವುದು ಮೊದಲನೆಯದನ್ನು. ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತಾನೆ. ಆದಿನಾಥ ತೀರ್ಥಂಕರರು ಜನರಿಗೆ ಕಲಿಸಿದ ಆರು ಕರ್ಮಗಳಲ್ಲಿ (ಕಸುಬುಗಳಲ್ಲಿ) ಅಸಿ (ಕತ್ತಿ), ಮಸಿಯ (ಬರವಣಿಗೆ) ಜೊತೆಗೆ ಕೃಷಿಯೂ ಇದೆ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿ ಎಂಬುದನ್ನೂ ನೆನೆಯಿರಿ.

ಹೊಲದಲ್ಲಿ ನೋಡಬೇಕಾದದ್ದು ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕಲೆ ಹಚ್ಚುವ ದೋಷಗಳನ್ನು. ಅವು ಎತ್ತು ಕಟ್ಟಿದವರಿಗೆಂದೇ ಬರೆದಂತಿವೆ: ಬಿಗಿಯಾಗಿ ಕಟ್ಟುವುದು, ಹೊಡೆಯುವುದು, ಕಿವಿ ಮೂಗು ಮೊದಲಾದ ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಮೇವು ನೀರು ತಪ್ಪಿಸುವುದು. ಕಬ್ಬಿನ ಗಾಡಿಗೆ ಎರಡು ಟನ್ ಹೆಚ್ಚು ಹೇರಿ ಏರಿನಲ್ಲಿ ಬಾರುಕೋಲು ಬೀಸಿದರೆ ಎರಡು ಅತಿಚಾರ ಒಟ್ಟಿಗೆ ಆದವು. ಕಬ್ಬಿನ ರವದಿಗೆ (ಒಣಗಿದ ಗರಿಗೆ) ಬೆಂಕಿ ಕೊಡಬೇಡಿ, ಹಾಗೇ ಹೊದಿಸಿ ಕೊಳೆಯಲು ಬಿಡಿ. ಮಣ್ಣಿಗೂ ಅದು ಒಳ್ಳೆಯದು.

ಯಾವ ಕೆಲಸ, ಯಾವ ವ್ಯಾಪಾರ ಬೇಡ ಅಂತ ಮೊದಲೇ ಹೇಳಿ. ಮಗ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ.

ಸಂಕಲ್ಪಿ ಹಿಂಸೆಯೇ ಬಂಡವಾಳವಾದದ್ದು ಬೇಡ: ಮಾಂಸ, ಮೀನು, ಕೋಳಿ ಸಾಕಣೆ, ಮದ್ಯದ ತಯಾರಿ ಮತ್ತು ಮಾರಾಟ, ಚರ್ಮ. ಹಳೆಯ ಗ್ರಂಥಗಳು ಹೆಸರಿಸುವ ಕ್ರೂರ ಕಸುಬುಗಳಲ್ಲಿ ದಂತ, ಅರಗು, ವಿಷದ ವ್ಯಾಪಾರ, ಕಾಡಿಗೆ ಬೆಂಕಿ ಇಡುವುದು, ಕೆರೆ ಬತ್ತಿಸುವುದು ಇವೆ. ವಿಷದ ವ್ಯಾಪಾರ ಎಂದರೆ ಇವತ್ತಿನ ಕೀಟನಾಶಕದ ಅಂಗಡಿ. ರೇಷ್ಮೆಯೂ ಇದೇ ಸಾಲಿನದು. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು ನೂಲು ತೆಗೆಯುತ್ತಾರೆ. ನಮ್ಮ ಮದುವೆಗಳಲ್ಲಿ ರೇಷ್ಮೆ ಇನ್ನೂ ಉಳಿದಿರುವುದು ನಮಗೆ ನೋವಿನ ಸಂಗತಿ.

ಸಾಫ್ಟ್‌ವೇರ್, ಬ್ಯಾಂಕ್ ಎಂದಾಗ ಗೆರೆ ಮಸುಕಾಗುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ, ನನ್ನ ದಿನದ ಕೆಲಸ ನೇರವಾಗಿ ಯಾವುದನ್ನು ಬೆಳೆಸುತ್ತದೆ? ಹಣ ಕಟ್ಟಿ ಆಡುವ ಆ್ಯಪ್ ಕಟ್ಟುವವನು ಜೂಜಾಡಿಸಿದವನೇ. ಆಸ್ಪತ್ರೆಗೆ ತಂತ್ರಾಂಶ ಬರೆಯುವವನ ಸಂಬಳ ಸ್ವಲ್ಪ ಕಡಿಮೆ ಇರಬಹುದು. ಆ ವ್ಯತ್ಯಾಸ ಎಷ್ಟಿದ್ದರೆ ಸಹಿಸುತ್ತೇವೆ ಎಂದು ಮನೆಯವರೆಲ್ಲ ಕೂತು ಮಾತಾಡುವುದು ಕೆಲಸ ಸಿಗುವ ಮುಂಚೆಯೇ ಆಗಬೇಕು. ಆಫರ್ ಕೈಗೆ ಬಂದ ಮೇಲೆ ಯಾರಿಗೂ ತೂಗುವ ತಾಳ್ಮೆ ಇರುವುದಿಲ್ಲ.

ಪರಿಗ್ರಹ ಪರಿಮಾಣ ಬರೆಯುವುದು ಹೇಗೆ? ರೂಪಾಯಿ ಬೆಲೆ ವರ್ಷ ವರ್ಷ ಇಳಿಯುತ್ತಲ್ಲ?

12 ವ್ರತಗಳಲ್ಲಿ ಬದುಕಿನ ದಿಕ್ಕನ್ನು ಎಲ್ಲಕ್ಕಿಂತ ಹೆಚ್ಚು ತಿರುಗಿಸುವುದು ಇದು, ಅತ್ಯಂತ ಕಡಿಮೆ ಜನ ಹಿಡಿಯುವುದೂ ಇದನ್ನೇ. ಒಂದು ನೋಟುಬುಕ್ಕು ತೆಗೆದು ಐದು ಜೋಡಿ ಶೀರ್ಷಿಕೆ ಹಾಕಿ: ಹೊಲ ಮತ್ತು ಮನೆ, ಬೆಳ್ಳಿ ಮತ್ತು ಬಂಗಾರ, ಧನ ಮತ್ತು ಧಾನ್ಯ, ಆಳುಕಾಳು, ಬಟ್ಟೆ ಮತ್ತು ಪಾತ್ರೆ ಪರಡಿ. ಸೂತ್ರದಲ್ಲಿ ಧನ ಎಂದರೆ ದನಕರು. ಈಗ ಬ್ಯಾಂಕ್ ಠೇವಣಿ, ಷೇರು, ವಾಹನಗಳನ್ನೂ ಆ ಸಾಲಿಗೆ ಸೇರಿಸಿ.

ರೂಪಾಯಿಯಲ್ಲಿ ಬರೆದರೆ ಹತ್ತು ವರ್ಷಕ್ಕೆ ಮಿತಿ ಅರ್ಥ ಕಳೆದುಕೊಳ್ಳುತ್ತದೆ. ಅಳತೆಯಲ್ಲಿ ಬರೆಯಿರಿ: 6 ಎಕರೆ, ವಾಸಕ್ಕೆ ಒಂದು ಮನೆ, ಬಾಡಿಗೆಗೆ ಒಂದು, ಬಂಗಾರ 300 ಗ್ರಾಂ, ಕಾರು ಒಂದು, ಸೀರೆ 40. ನಗದು ಮತ್ತು ಠೇವಣಿಯನ್ನು ‘ಮನೆಯ ಇಷ್ಟು ವರ್ಷದ ಖರ್ಚು’ ಎಂದು ಹಾಕಿದರೆ ಬೆಲೆಯೇರಿಕೆ ತಾನಾಗಿ ಒಳಗೆ ಬಂತು. ಮಕ್ಕಳ ಓದು, ಮದುವೆಗೆ ಕೂಡಿಡುವುದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಇಲ್ಲವಾದರೆ ಅದೇ ನೆಪವಾಗುತ್ತದೆ. ಮಿತಿ ಮೀರಿ ಬಂದದ್ದನ್ನು ಎಷ್ಟು ದಿನದೊಳಗೆ ದಾನಕ್ಕೆ ಕೊಡುತ್ತೀರಿ ಎಂದೂ ನಮೂದಿಸಿ. ಶಾಸ್ತ್ರ ಹೇಳುವುದು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನ.

ತಪ್ಪುವುದು ಮೂರು ಕಡೆ. ಈಗ 20 ಲಕ್ಷ ಇದ್ದವರು ಎರಡು ಕೋಟಿಗೆ ಮಿತಿ ಹಾಕುತ್ತಾರೆ. ಅದು ಮಿತಿಯಾಗಿ ಉಳಿಯದೆ ಗುರಿಯಾಗುತ್ತದೆ, ಅವರು ಮುಂಚಿಗಿಂತ ಜೋರಾಗಿ ಗಳಿಸಲು ಓಡುತ್ತಾರೆ. ಇನ್ನು ಕೆಲವರು ಹೆಚ್ಚಾದದ್ದನ್ನು ಹೆಂಡತಿಯ ಹೆಸರಿಗೆ ಬರೆಯುತ್ತಾರೆ. ಎರಡು ಸಣ್ಣ ಸೈಟು ಮಾರಿ ಒಂದು ದೊಡ್ಡದು ಕೊಂಡು, ಸಂಖ್ಯೆ ಕಡಿಮೆಯಾಯಿತು ಎನ್ನುವವರೂ ಇದ್ದಾರೆ. ಇಂಥ ಲೆಕ್ಕ ನಡೆಸುವುದು ಮಾಯೆ. ಹೆಚ್ಚು ಆರಂಭ (ಜೀವಕ್ಕೆ ನೋವಾಗುವ ಕೆಲಸ) ಮತ್ತು ಪರಿಗ್ರಹ ನರಕಾಯುವಿಗೆ, ಮಾಯೆ ಪಶುಗತಿಯ ಆಯುವಿಗೆ, ಅಲ್ಪ ಆರಂಭ ಪರಿಗ್ರಹ ಮನುಷ್ಯಾಯುವಿಗೆ ಕಾರಣ ಎಂದು ಉಮಾಸ್ವಾಮಿಗಳು ಬಿಡಿಸಿ ಹೇಳಿದ್ದಾರೆ. ಇದರರ್ಥ, ವ್ರತ ಹಿಡಿದು ಆಡಿದ ಕಳ್ಳಾಟವೂ ಫಲ ಕೊಡದೆ ಬಿಡುವುದಿಲ್ಲ.

ನಾನು ಕಳ್ಳತನ ಮಾಡುವವನಲ್ಲ, ಕಿರಾಣಿ ಅಂಗಡಿಯವನು. ಅಸ್ತೇಯ ವ್ರತ ನನಗೆ ಸುಲಭ ಅಲ್ಲವೇ?

ಅತಿಚಾರಗಳನ್ನು ನೋಡಿ: ಕಳ್ಳನಿಗೆ ದಾರಿ ತೋರುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಕೊಡುವಾಗ ಒಂದು ಕೊಳ್ಳುವಾಗ ಒಂದು ಅಳತೆ ಇಡುವುದು, ಕಲಬೆರಕೆ. ಬಿಲ್ ಬೇಡ ಎಂದರೆ ಜಿಎಸ್‌ಟಿ ಬಿಟ್ಟು ಕೊಡುವುದು ಮೂರನೆಯದು. ಡಬ್ಬದ ಸಮೇತ ಸಿಹಿ ತೂಗುವುದು ನಾಲ್ಕನೆಯದು. ಹಳೆ ಬೇಳೆಯನ್ನು ಹೊಸದರಲ್ಲಿ ಬೆರೆಸಿ ಹೊಸದೆಂದು ಮಾರುವುದು ಐದನೆಯದು. ಅಂಗಡಿಯವರಿಗೆ ಇದು ಸುಲಭದ ವ್ರತವಲ್ಲ.

ಮಗಳು ಅಮೆರಿಕದಲ್ಲಿದ್ದಾಳೆ. ದಿಗ್ವ್ರತ ಹಿಡಿದರೆ ಅವಳ ಮನೆಗೆ ಹೋಗುವಂತಿಲ್ಲವೇ?

ಹೋಗುವಂತೆ ಮಿತಿ ಹಾಕಿಕೊಳ್ಳಿ, ತಪ್ಪಿಲ್ಲ. ಗುಣವ್ರತಗಳಲ್ಲಿ ಒಂದಾದ ದಿಗ್ವ್ರತ ಎಂದರೆ ನಾವು ಓಡಾಡುವ ಹತ್ತು ದಿಕ್ಕಿಗೂ ಜೀವನಪೂರ್ತಿ ಹಾಕುವ ಗಡಿ. ಸಮುದ್ರ, ನದಿ, ಬೆಟ್ಟ, ನಾಡು ಇಂಥ ಗುರುತಿನಿಂದ ಹಾಕಬೇಕು. ಗಡಿಯಾಚೆಯ ವ್ಯವಹಾರ, ಆಸೆ ಎಲ್ಲ ಅಲ್ಲಿಗೆ ಮುಗಿಯಿತು. ಒಂದು ದಿಕ್ಕಿನಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಸೇರಿಸುವುದು ಕ್ಷೇತ್ರವೃದ್ಧಿ ಎಂಬ ಅತಿಚಾರ.

ದೇಶವ್ರತ ಇದರೊಳಗಿನ ಸಣ್ಣ ಗಡಿ: ಇವತ್ತು ಮನೆ ಬಿಟ್ಟು ಹೊರಗಿಲ್ಲ, ಈ ವಾರ ಊರು ಬಿಟ್ಟು ಹೋಗುವುದಿಲ್ಲ. ಇದರ ಐದು ಅತಿಚಾರ ಈಗಿನ ಫೋನಿಗೆ ಹೊಂದುವ ಬಗೆ ನೋಡಿ. ಹೊರಗಿನಿಂದ ವಸ್ತು ತರಿಸುವುದು ಆನಯನ, ಅಂದರೆ ಆನ್‌ಲೈನ್ ಆರ್ಡರ್. ಆಳನ್ನು ಕಳಿಸುವುದು ಪ್ರೇಷ್ಯಪ್ರಯೋಗ. ಕೂಗಿ ಕೆಮ್ಮಿ ಸೂಚಿಸುವುದು ಶಬ್ದಾನುಪಾತ, ಅದು ಫೋನ್ ಕರೆ. ರೂಪ ತೋರಿಸುವುದು ರೂಪಾನುಪಾತ, ಅದು ವಿಡಿಯೋ ಕರೆ. ಕಲ್ಲೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ನಾಲ್ಕು ಗಂಟೆಯ ದೇಶವ್ರತ ಹಿಡಿದು ಮೊಬೈಲ್ ಆರಿಸಿಟ್ಟರೆ ಈ ವ್ರತ ಯಾಕೆಂದು ಅದೇ ದಿನ ತಿಳಿಯುತ್ತದೆ.

## ತಪ್ಪಿದಾಗ

ಮರೆತು ತಿಂದುಬಿಟ್ಟೆ. ವ್ರತ ಹೋಯಿತಾ?

ದನದ ದೃಷ್ಟಾಂತವಿದೆ. ಬೇಲಿಯಾಚೆಯ ಪೈರನ್ನು ಆಸೆಯಿಂದ ನೋಡಿದ್ದು ಅತಿಕ್ರಮ. ಬೇಲಿ ಸಂದಿಯಲ್ಲಿ ತಲೆ ತೂರಿಸಿದ್ದು ವ್ಯತಿಕ್ರಮ. ಒಂದು ಬಾಯಿ ಮೇದು ಹಿಂದೆ ಬಂದದ್ದು ಅತಿಚಾರ. ಬೇಲಿ ಮುರಿದು ಒಳಗೆ ನುಗ್ಗಿ ಮೇಯುತ್ತಾ ನಿಂತದ್ದು ಅನಾಚಾರ. ಮರೆತು ಆದದ್ದು ಅತಿಚಾರದ ಒಳಗೇ ಬರುತ್ತದೆ, ವ್ರತ ಹೋಗಿಲ್ಲ. ನೆನಪಾದ ಕ್ಷಣ ಬಾಯಲ್ಲಿದ್ದದ್ದನ್ನು ಉಗಿದು ಬಾಯಿ ತೊಳೆಯಿರಿ, ‘ಹೇಗೂ ಆಯಿತಲ್ಲ’ ಎಂದು ತಟ್ಟೆ ಖಾಲಿ ಮಾಡಬೇಡಿ. ಸಂಜೆ ಪ್ರತಿಕ್ರಮಣ (ಆದ ತಪ್ಪಿಗೆ ಪಶ್ಚಾತ್ತಾಪದ ಪಾಠ) ಮಾಡಿ 9 ಣಮೋಕಾರದ ಕಾಯೋತ್ಸರ್ಗ ಮಾಡಿ.

ತಿಳಿದೂ ಮುರಿದಿದ್ದರೆ ಗುರುಗಳ ಬಳಿ ಆಲೋಚನೆ, ಅಂದರೆ ಆದದ್ದನ್ನು ಆದಂತೆ ಹೇಳುವುದು. ಅವರು ಕೊಟ್ಟ ಉಪವಾಸ ಅಥವಾ ರಸತ್ಯಾಗ (ಹಾಲು, ತುಪ್ಪ, ಉಪ್ಪಿನಂಥದ್ದನ್ನು ಬಿಡುವುದು) ಮುಗಿಸಿ ವ್ರತವನ್ನು ಮತ್ತೆ ತೆಗೆದುಕೊಳ್ಳಿ. ಪ್ರಾಯಶ್ಚಿತ್ತವನ್ನು ತಾನೇ ನಿರ್ಧರಿಸಿಕೊಳ್ಳುವವನು ಒಂದೋ ತೀರ ಸುಲಭದ್ದು, ಇಲ್ಲ ತೀರ ಕಠಿಣದ್ದು ಆರಿಸುತ್ತಾನೆ.

ಮದುವೆಯಾಗಿ ಬಂದ ಮನೆಯಲ್ಲಿ ನನ್ನ ವ್ರತಕ್ಕೆ ಒಪ್ಪುವುದಿಲ್ಲ. ಅತ್ತೆಯವರಿಗೆ ಬೇಜಾರು. ಏನು ಮಾಡಲಿ?

ನಿಮ್ಮ ವ್ರತದ ಭಾರ ಅತ್ತೆಯವರ ಮೇಲೆ ಬೀಳದಂತೆ ನೋಡಿಕೊಳ್ಳಿ. ನಿಮ್ಮ ಸಂಜೆಯ ಊಟ ನೀವೇ ಮಾಡಿಕೊಳ್ಳಿ, ರಾತ್ರಿ ಉಳಿದವರಿಗೆ ಬಡಿಸಲು ಸಿಡುಕಬೇಡಿ. ಬಡಿಸುವುದು ಬಿಡುವ ವ್ರತ ನಿಮ್ಮದಲ್ಲ, ಉಣ್ಣುವುದು ಬಿಡುವುದು. ವ್ರತ ಹಿಡಿದವರ ಮಾತು ಗಡುಸಾದರೆ ಮನೆಯವರು ದೂರುವುದು ವ್ರತವನ್ನು. ನಿಮ್ಮ ಕ್ರೋಧ ಮೊದಲಾದ ಕಷಾಯ ತಗ್ಗಿದ್ದು ಕಂಡರೆ ಅವರೇ ಒಂದು ದಿನ ಡಬ್ಬಿ ಕಟ್ಟಿಕೊಡುತ್ತಾರೆ.

## ಆಳದ ಪ್ರಶ್ನೆಗಳು

ವ್ರತ ಹಿಡಿದ ಮೇಲೇ ಕಷ್ಟ ಜಾಸ್ತಿ ಆಯ್ತು. ಇದೆಂಥ ಫಲ?

ಇಂದು ಉಣ್ಣುತ್ತಿರುವುದು ಇಂದು ಬಿತ್ತಿದ್ದಲ್ಲ. ಕರ್ಮ ಅಂಟಿದ ಮೇಲೆ ಫಲಕ್ಕೆ ಬರುವ ತನಕ ಸುಮ್ಮನಿರುವ ಕಾಲಕ್ಕೆ ಆಬಾಧಾ ಎಂದು ಹೆಸರು. ಸಾಗರ ಎಂಬುದು ಎಣಿಕೆಗೆ ಸಿಗದಷ್ಟು ದೊಡ್ಡ ಕಾಲದ ಅಳತೆ, ಕೋಡಾಕೋಡಿ ಎಂದರೆ ಕೋಟಿ ಗುಣಿಸು ಕೋಟಿ. ಒಂದು ಕೋಡಾಕೋಡಿ ಸಾಗರದ ಸ್ಥಿತಿಗೆ (ಕರ್ಮ ಅಂಟಿ ನಿಲ್ಲುವ ಕಾಲಕ್ಕೆ) 100 ವರ್ಷ ಆಬಾಧೆ. ಆತ್ಮವನ್ನು ಮರುಳು ಮಾಡುವ ಮೋಹನೀಯ ಕರ್ಮದ ಪರಮ ಸ್ಥಿತಿ 70 ಕೋಡಾಕೋಡಿ ಸಾಗರ, ಆದ್ದರಿಂದ ಅದರ ಆಬಾಧೆ 7,000 ವರ್ಷ. ಹಾಗಾಗಿ ಈ ತಿಂಗಳ ವ್ರತವನ್ನೂ ಈ ತಿಂಗಳ ನಷ್ಟವನ್ನೂ ಕೂಡಿಸಿ ಕಳೆಯುವುದು ಬೇರೆ ಬೇರೆ ಖಾತೆಗಳನ್ನು ಬೆರೆಸಿದಂತೆ.

ಹಾಗೆಂದು ಹಳೆಯದು ಕಲ್ಲಿನ ಬರಹವೂ ಅಲ್ಲ. ಶುದ್ಧ ಪರಿಣಾಮದಿಂದ (ಒಳಗಿನ ಭಾವದಿಂದ) ಪಾಪದ ಸ್ಥಿತಿ, ತೀವ್ರತೆ ಕುಗ್ಗುತ್ತದೆ (ಅಪಕರ್ಷಣ), ಹೊತ್ತಿಗೆ ಮೊದಲೇ ಉದಯಕ್ಕೆ ಬಂದು ತೀರುತ್ತದೆ (ಉದೀರಣೆ), ದುಃಖ ಕೊಡುವ ಅಸಾತೆ ಸುಖ ಕೊಡುವ ಸಾತೆಯಾಗಿ ಮಾರ್ಪಡುತ್ತದೆ (ಸಂಕ್ರಮಣ). ಸಂಕ್ರಮಣಕ್ಕೆ ಗಡಿ ಇದೆ: ಎಂಟು ಮೂಲ ಕರ್ಮಗಳಲ್ಲಿ ಒಂದು ಇನ್ನೊಂದಾಗದು, ನರಕ, ಪಶು, ಮನುಷ್ಯ, ದೇವ ಎಂಬ ನಾಲ್ಕು ಆಯುಗಳು ಪರಸ್ಪರ ಬದಲಾಗವು.

ಸಲ್ಲೇಖನ ಆತ್ಮಹತ್ಯೆ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಸಲ್ಲೇಖನ ಎಂದರೆ ಕೊನೆಗಾಲದಲ್ಲಿ ಆಹಾರವನ್ನು ಕ್ರಮವಾಗಿ ಬಿಡುತ್ತಾ ಶಾಂತವಾಗಿ ಸಾವನ್ನು ಎದುರುಗೊಳ್ಳುವ ವ್ರತ. ಅದರ ಅತಿಚಾರಗಳನ್ನು ಓದಿದರೆ ತಿಳಿಯುತ್ತದೆ. ಬದುಕಬೇಕೆಂಬ ಹಂಬಲ ಒಂದು ದೋಷವಾದರೆ, ಬೇಗ ಸಾಯಬೇಕೆಂಬ ಬಯಕೆಯೂ ಅಷ್ಟೇ ದೋಷ. ಪರಿಹಾರವೇ ಇಲ್ಲದ ಉಪಸರ್ಗ (ಆಪತ್ತು), ಬರ, ಮುಪ್ಪು, ರೋಗ ಇವುಗಳಲ್ಲಿ ಮಾತ್ರ, ಗುರುಗಳು ಒಪ್ಪಿದರೆ ಮಾತ್ರ. ದುಃಖ, ಸಾಲ, ಬೇಸರದಿಂದ ಕೇಳುವವರಿಗೆ ಇದು ಇಲ್ಲವೇ ಇಲ್ಲ. ಅವರಿಗೆ ಬೇಕಾದದ್ದು ವೈದ್ಯರ ಚಿಕಿತ್ಸೆ ಮತ್ತು ಮನೆಯವರ ಜೊತೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ನನಗೆ 60 ದಾಟಿತು. ಮುಂದಿನ ಭವದ ಆಯು ಆಗಲೇ ಕಟ್ಟಿಹೋಗಿರಬಹುದು. ಈಗ ವ್ರತ ಹಿಡಿದು ಏನು ಪ್ರಯೋಜನ?

ಮುಂದಿನ ಜನ್ಮ ಯಾವ ಗತಿಯಲ್ಲಿ, ಎಷ್ಟು ಕಾಲ ಎಂದು ನಿಶ್ಚಯಿಸುವ ಕರ್ಮವೇ ಆಯು. ಮುಂದಿನ ಆಯು ಕಟ್ಟುವುದು ಈಗಿನ ಆಯುವಿನ ಮೂರನೇ ಎರಡು ಭಾಗ ಕಳೆದಾಗ. ಆಗ ಕಟ್ಟದಿದ್ದರೆ ಉಳಿದದ್ದರಲ್ಲಿ ಮತ್ತೆ ಮೂರನೇ ಎರಡು ಭಾಗ ಕಳೆದಾಗ. ಹೀಗೆ ಎಂಟು ಅವಕಾಶ. 81 ವರ್ಷ ಬದುಕುವವನಿಗೆ ಅವು 54, 72, 78, 80ನೇ ವರ್ಷ, ಆಮೇಲೆ 80 ವರ್ಷ 8 ತಿಂಗಳು, ಹೀಗೆ ಹತ್ತಿರ ಹತ್ತಿರವಾಗುತ್ತಾ ಹೋಗುತ್ತವೆ. ಎಂಟರಲ್ಲೂ ಕಟ್ಟದಿದ್ದರೆ ಸಾವಿಗೆ ಮುಂಚಿನ ಕೊನೆಯ ಅಂತರ್ಮುಹೂರ್ತದಲ್ಲಿ (48 ನಿಮಿಷಕ್ಕೂ ಕಡಿಮೆ ಕಾಲ). ನಿಮ್ಮ ಒಟ್ಟು ಆಯು ನಿಮಗೆ ಗೊತ್ತಿಲ್ಲ, ಹಾಗಾಗಿ ನಾಳೆಯೇ ಅಂಥದ್ದೊಂದು ಘಳಿಗೆ ಇರಬಹುದು.

ಕಟ್ಟಿಹೋಗಿದ್ದರೂ ಕೆಲಸ ಮುಗಿದಿಲ್ಲ. ಗತಿ ಬದಲಾಗದು, ಸ್ಥಿತಿ ಬದಲಾಗುತ್ತದೆ. ಮೇಲೆ ಹೇಳಿದ ಶ್ರೇಣಿಕ ಏಳನೇ ನರಕದ 33 ಸಾಗರದ ಆಯು ಕಟ್ಟಿಕೊಂಡಿದ್ದ. ಕ್ಷಾಯಿಕ ಸಮ್ಯಕ್ತ್ವ (ಮತ್ತೆ ಅಳಿಯದ ಸರಿಯಾದ ಶ್ರದ್ಧೆ) ಬಂದ ಮೇಲೆ ಅದು ಮೊದಲನೇ ನರಕದ 84,000 ವರ್ಷಕ್ಕೆ ಇಳಿಯಿತು. ಆದರೆ ಅವನಿಂದ ಒಂದು ಅಣುವ್ರತವನ್ನೂ ಹಿಡಿಯಲಾಗಲಿಲ್ಲ. ಕಾರಣ ಗೊಮ್ಮಟಸಾರದಲ್ಲಿದೆ. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಆ ಗ್ರಂಥದ ಕರ್ಮಕಾಂಡ ಹೇಳುತ್ತದೆ: ನಾಲ್ಕರಲ್ಲಿ ಯಾವ ಆಯು ಕಟ್ಟಿದ್ದರೂ ಸಮ್ಯಕ್ತ್ವ ಬರಬಹುದು, ಆದರೆ ದೇವಾಯು ಬಿಟ್ಟು ಬೇರೆ ಯಾವುದೇ ಆಯು ಕಟ್ಟಿದವನಿಗೆ ಅಣುವ್ರತವೂ ಮಹಾವ್ರತವೂ ಸಿಗುವುದಿಲ್ಲ. ಬಾಯಲ್ಲಿ ಹೇಳಿ ಹಿಡಿದದ್ದರ ಮಾತಲ್ಲ ಇದು, ಒಳಗಿನ ಕಷಾಯ ತಗ್ಗಿ ನಿಜವಾಗಿ ನೆಲೆಗೊಂಡ ವ್ರತದ ಮಾತು. 60ರಲ್ಲಿ ಅಂಥ ವ್ರತ ನಿಮ್ಮಲ್ಲಿ ನಿಂತಿದ್ದರೆ ಒಂದೋ ಆಯು ಇನ್ನೂ ಕಟ್ಟಿಲ್ಲ, ಇಲ್ಲವೇ ಕಟ್ಟಿರುವುದು ದೇವಾಯು.